‘ಹಳ್ಳಿ ರೋಡಿಗೆ ಇಷ್ಟು ಸಾಕು’ ಅನ್ನುವ ಟೈರ್ ವ್ಯಾಪಾರ

ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮತ್ತೆ ಮತ್ತೆ ಬರುವ ಒಂದು ಸಾಲಿದೆ. ‘ಸವಾರನ ನಿಯಂತ್ರಣ ತಪ್ಪಿ ಬೈಕ್ ಸ್ಕಿಡ್ ಆಗಿ ಬಿದ್ದು ಯುವಕ ಮೃತಪಟ್ಟಿದ್ದಾನೆ.’ ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ. ‘ನಿಯಂತ್ರಣ ತಪ್ಪಿ’ ಅನ್ನುವ ಎರಡು ಪದ ಮಾತ್ರ ಬದಲಾಗುವುದಿಲ್ಲ.

ಯಾಕೆ ತಪ್ಪಿತು? ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕುಡಿದಿದ್ದನಾ, ಹೆಲ್ಮೆಟ್ ಇತ್ತಾ, ಜೋರಾಗಿ ಬಂದನಾ ಅಂತ ಕೇಳುತ್ತೇವೆ. ಬಿದ್ದಿರುವ ಬೈಕಿನ ಚಕ್ರದ ಕಡೆ ಬಗ್ಗಿ ನೋಡುವವರು ಕಡಿಮೆ. ಟೈರು ನಮ್ಮ ಸುದ್ದಿಯಲ್ಲಿ ಬರುವುದು ಒಂದೇ ಸಂದರ್ಭದಲ್ಲಿ, ‘ರಸ್ತೆ ಮಧ್ಯೆ ಟೈರಿಗೆ ಬೆಂಕಿ ಹಚ್ಚಿ ಪ್ರತಿಭಟನೆ’ ಅಂತ. ಸುಟ್ಟರೆ ಸುದ್ದಿ, ಸವೆದರೆ ಸುದ್ದಿಯಲ್ಲ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿ ಇದ್ದವರು. ಇವರೆಲ್ಲ ಟೈರಿನಿಂದ ಸತ್ತರು ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಇಷ್ಟೇ: ಬಿದ್ದ ಬೈಕಿನ ಟೈರ್ ಹೇಗಿತ್ತು ಅನ್ನುವುದನ್ನು ನೋಡಿ ಬರೆದಿಡುವ ಅಭ್ಯಾಸವೇ ನಮಗಿಲ್ಲ. ಬರೆಯದೇ ಇದ್ದರೆ ತಪ್ಪು ಯಾವಾಗಲೂ ಸತ್ತವನದ್ದೇ ಆಗುತ್ತದೆ.

ಪುಲಿಕೇಶಿನಗರದಲ್ಲಿ ಬಿಚ್ಚಿದ್ದು ಎಲ್ಲಿಗೆ ಹೋಗುತ್ತದೆ?

ಬೆಂಗಳೂರು ದಂಡು ಪ್ರದೇಶದ ಪುಲಿಕೇಶಿನಗರ ನಿಮ್ಮಲ್ಲಿ ಹಲವರಿಗೆ ಫ್ರೇಜರ್ ಟೌನ್ ಅಂತಲೇ ಗೊತ್ತು. 1898ರ ಪ್ಲೇಗ್ ಬಂದು ಹೋದ ಮೇಲೆ ಗಾಳಿ ಬೆಳಕು ಬರುವಂತೆ ಕಟ್ಟಿದ ಬಡಾವಣೆ ಅದು. ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರು ಇಟ್ಟಿದ್ದರು, ಆಮೇಲೆ ಚಾಲುಕ್ಯರ ಪುಲಿಕೇಶಿಯ ಹೆಸರು ಬಂತು. ಬೋರ್ಡು ಬದಲಾಯಿತು, ಜನರ ಬಾಯಲ್ಲಿ ಹಳೇ ಹೆಸರು ಉಳಿಯಿತು.

ಇವತ್ತು ಮಸೀದಿ ರಸ್ತೆ, ಕೋಲ್ಸ್ ರಸ್ತೆ, ವೀಲರ್ ರಸ್ತೆಯಲ್ಲಿ ಒಂದು ಸಂಜೆ ನಿಂತರೆ ಕಾಣುವುದು ಊಟ ಸಾಗಿಸುವ ಹುಡುಗರ ಬೈಕುಗಳು. ಹೋಟೆಲ್ ಮುಂದೆ ಸಾಲು ಸಾಲು. ಇವರಲ್ಲಿ ಎಷ್ಟೋ ಮಂದಿ ನಮ್ಮ ಕಡೆಯವರೇ. ಕೋಲಾರ, ಮಾಲೂರು, ಚಿಂತಾಮಣಿ, ಹೊಸಕೋಟೆ ಕಡೆಯ ಹುಡುಗರು. ನಂಬರ್ ಪ್ಲೇಟ್ ನೋಡಿದರೆ ಗೊತ್ತಾಗುತ್ತದೆ, ಕೆಎ 07, ಕೆಎ 40, ಕೆಎ 67. ಇದೇ ಹೊತ್ತಿಗೆ ನಮ್ಮ ಹಳ್ಳಿಗಳ ಅರಳಿಕಟ್ಟೆ ಮುಂದೆ ನಿಂತ ಬೈಕುಗಳ ಪ್ಲೇಟ್ ನೋಡಿ. ಕೆಎ 03, ಕೆಎ 53. ಅಂದರೆ ಇಂದಿರಾನಗರ, ಕೆ.ಆರ್. ಪುರ ಆರ್‌ಟಿಒ. ಹುಡುಗರು ಅಲ್ಲಿಗೆ ಹೋಗುತ್ತಾರೆ, ಅಲ್ಲಿ ಸವೆದ ಗಾಡಿ ಇಲ್ಲಿಗೆ ಬರುತ್ತದೆ.

ಗಾಡಿಯ ಜೊತೆ ಟೈರೂ ಬರುತ್ತದೆ. ಬರೀ ಗಾಡಿಗೆ ಕಟ್ಟಿಕೊಂಡು ಬರುವುದಲ್ಲ, ಬಿಡಿಯಾಗಿಯೂ ಬರುತ್ತದೆ. ಪಕ್ಕದ ಶಿವಾಜಿನಗರದ ಗುಜರಿಯಲ್ಲಿ ಹಳೇ ಗಾಡಿ ಸಾಮಾನು ಸಿಗುತ್ತದೆ ಅಂತ ರಾಜ್ಯಕ್ಕೆಲ್ಲ ಗೊತ್ತು. ಡೂಮ್, ಮಡ್‌ಗಾರ್ಡ್, ಸೈಲೆನ್ಸರ್ ಅಲ್ಲಿಂದ ತಂದು ಹಾಕಿಕೊಂಡರೆ ನನಗೇನೂ ಜಗಳವಿಲ್ಲ. ಹಳೇ ಮಡ್‌ಗಾರ್ಡ್ ಮುರಿದರೆ ಪ್ಯಾಂಟಿಗೆ ಕೆಸರು ಬೀಳುತ್ತದೆ, ಅಷ್ಟೇ. ಹಳೇ ಟೈರು ಒಡೆದರೆ ಕೆಸರಿಗೆ ನಾವೇ ಬೀಳುತ್ತೇವೆ.

ನಗರದಲ್ಲಿ ಬಿಚ್ಚಿಟ್ಟ ಸವೆದ ಟೈರಿಗೆ ಕಪ್ಪು ಪಾಲಿಶ್ ಬಳಿಯುತ್ತಾರೆ. ಕೆಲವಕ್ಕೆ ಬಿಸಿ ಬ್ಲೇಡಿನಲ್ಲಿ ಹೊಸದಾಗಿ ಗೆರೆ ಕೊರೆಯುತ್ತಾರೆ. ‘ಇನ್ನೂ ಹತ್ತು ಸಾವಿರ ಕಿಲೋಮೀಟರ್ ಓಡುತ್ತೆ’ ಅಂತ ಕೊಡುತ್ತಾರೆ. ಅನುಮಾನ ಬಂದು ಕೇಳಿದರೆ ಕೊನೆಗೆ ಬರುವ ಉತ್ತರ ಒಂದೇ: ‘ಹಳ್ಳಿ ರೋಡಿಗೆ ಇಷ್ಟು ಸಾಕು.’

ಈ ಲೇಖನ ಆ ಒಂದು ಮಾತಿನ ವಿರುದ್ಧ.

ಹಳ್ಳಿ ರೋಡಿಗೆ ಇಷ್ಟು ಸಾಲದು

ಹಳ್ಳಿಯಲ್ಲಿ ಜೋರಾಗಿ ಓಡಿಸುವುದಿಲ್ಲ, ಟ್ರಾಫಿಕ್ ಇಲ್ಲ, ಹಾಗಾಗಿ ಟೈರು ಹೇಗಿದ್ದರೂ ನಡೆಯುತ್ತದೆ ಅನ್ನುವುದು ಅವರ ವಾದ. ನಮ್ಮ ರಸ್ತೆಯನ್ನು ನೋಡದವರು ಹೇಳುವ ಮಾತು ಇದು.

ಸುಗ್ಗಿ ಕಾಲದಲ್ಲಿ ನಮ್ಮ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ, ಅವರೆ ಸೊಪ್ಪು ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಒತ್ತಿ ನೋಡಿ. ಮಳೆಗಾಲದಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರ್ ರಸ್ತೆ ತುಂಬ ಜೇಡಿಮಣ್ಣು ಉದುರಿಸಿಕೊಂಡು ಹೋಗಿರುತ್ತದೆ. ಜಲ್ಲಿ ಸುರಿದು ಆರು ತಿಂಗಳಾದರೂ ಡಾಂಬರು ಕಾಣದ ತಿರುವುಗಳಿವೆ. ಬೆಳಗಿನ ಜಾವ ಹಾಲು ಹಾಕಲು ಹೊರಟರೆ ಇಬ್ಬನಿಗೆ ಒದ್ದೆಯಾದ ರಸ್ತೆ, ದನ ದಾಟಿದ ಸಗಣಿ. ಇದು ಟೈರಿಗೆ ಸುಲಭದ ರಸ್ತೆಯೋ, ಮಸೀದಿ ರಸ್ತೆ ಸುಲಭವೋ?

ಇನ್ನು ಭಾರ. ನಗರದ ಹುಡುಗ ಬೆನ್ನಿಗೆ ಊಟದ ಚೀಲ ಹಾಕಿಕೊಂಡು ಹೋಗುತ್ತಾನೆ. ನಮ್ಮವನು 40 ಲೀಟರಿನ ಎರಡು ಹಾಲಿನ ಕ್ಯಾನು ಎರಡೂ ಕಡೆ ನೇತು ಹಾಕುತ್ತಾನೆ. ಹಾಲೇ 80 ಕೆಜಿ ದಾಟುತ್ತದೆ, ಕ್ಯಾನಿನ ತೂಕ ಬೇರೆ. ನೂರು ಸಿಸಿ ಬೈಕಿನ ತೂಕ ಸುಮಾರು 112 ಕೆಜಿ, ಸವಾರ 65 ಕೆಜಿ. ಒಟ್ಟು 260 ಕೆಜಿ ಹತ್ತಿರ. ಅದರ ಮುಕ್ಕಾಲು ಪಾಲು ಹಿಂದಿನ ಚಕ್ರದ ಮೇಲೆ ಬಿದ್ದರೆ 195 ಕೆಜಿ. ಕ್ಯಾನಿಲ್ಲದಿದ್ದರೆ ಬೂಸಾ ಮೂಟೆ, ಗೊಬ್ಬರದ ಮೂಟೆ, ಇಲ್ಲವೇ ಹೆಂಡತಿ ಮತ್ತು ಎರಡು ಮಕ್ಕಳು.

ಬಿದ್ದ ಮೇಲಿನದ್ದನ್ನೂ ಲೆಕ್ಕ ಹಾಕಿ. ಪುಲಿಕೇಶಿನಗರದಲ್ಲಿ ಬಿದ್ದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆ. ನಮ್ಮಲ್ಲಿ 108 ಬರಬೇಕು, ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ‘ಬೆಂಗಳೂರಿಗೆ ಕರ್ಕೊಂಡ್ ಹೋಗಿ’ ಅನ್ನಿಸಿಕೊಳ್ಳಬೇಕು. ಒಳ್ಳೇ ಟೈರು ಯಾರಿಗೆ ಹೆಚ್ಚು ಬೇಕು ಅಂತ ಕೇಳಿದರೆ ಉತ್ತರ ಹಳ್ಳಿಯವನಿಗೆ ಅಂತಲೇ. ಆದರೆ ಸಿಗುತ್ತಿರುವುದು ತಿರುಗುಮುರುಗಾಗಿ.

ಟೈರಿನ ಮೇಲೆ ಬರೆದಿದೆ, ಓದಲು ಯಾರೂ ಹೇಳಿಕೊಡಲಿಲ್ಲ

ಗೊಬ್ಬರದ ಚೀಲ ಕೊಂಡರೆ ತಾರೀಖು ನೋಡುತ್ತೇವೆ. ಔಷಧಿ ಡಬ್ಬಿ ಕೊಂಡರೆ ನೋಡುತ್ತೇವೆ. ಟೈರಿಗೂ ತಾರೀಖು ಇರುತ್ತದೆ. ಪಕ್ಕದ ಗೋಡೆಯ ಮೇಲೆ ಒಂದು ಕಡೆ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2019ನೇ ಇಸವಿಯ 23ನೇ ವಾರ, ಅಂದರೆ ಜೂನ್ ತಿಂಗಳಲ್ಲಿ ಮಾಡಿದ್ದು. ಇಷ್ಟೇ. ಇದನ್ನು ಕಲಿಯಲು ಡಿಪ್ಲೊಮಾ ಬೇಡ.

ರಬ್ಬರಿಗೆ ಓಡಿದರೆ ಮಾತ್ರ ವಯಸ್ಸಾಗುವುದಿಲ್ಲ, ಸುಮ್ಮನೆ ಇಟ್ಟರೂ ಆಗುತ್ತದೆ. ಬಿಸಿಲಿಗೆ, ಗಾಳಿಗೆ ಗಟ್ಟಿಯಾಗುತ್ತದೆ, ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷ ದಾಟಿದರೆ ಗೆರೆ ಎಷ್ಟೇ ಚೆನ್ನಾಗಿದ್ದರೂ ಬಿಸಾಡಿ ಅಂತ ಟೈರ್ ಕಂಪನಿಯವರೇ ಹೇಳುತ್ತಾರೆ. ‘ಗೆರೆ ನೋಡಿ ಸಾರ್, ಹೊಸದರ ಥರ ಇದೆ’ ಅಂದರೆ ಗೆರೆ ಬಿಟ್ಟು ಅಂಕಿ ನೋಡಿ. ಅಂಕಿ ಇರುವ ಜಾಗವನ್ನೇ ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ.

ಗೆರೆಯ ಆಳಕ್ಕೂ ಕಾನೂನಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೆರೆ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಎಷ್ಟು ಅಂತ ತಿಳಿಯಬೇಕಾದರೆ ಜೇಬಿನಿಂದ ಎಟಿಎಂ ಕಾರ್ಡ್ ತೆಗೆಯಿರಿ. ಅದರ ದಪ್ಪ ಹೆಚ್ಚು ಕಡಿಮೆ ಅಷ್ಟೇ. ಕಾರ್ಡ್ ದಪ್ಪದಷ್ಟೂ ಗೆರೆ ಉಳಿದಿಲ್ಲ ಅಂದರೆ ಆ ಟೈರು ಕಾನೂನಿನ ಪ್ರಕಾರ ಸತ್ತಿದೆ. ಅಳತೆಯೂ ಬೇಡ ಅಂದರೆ ಗೆರೆಯೊಳಗೆ ಅಡ್ಡಕ್ಕೆ ಸಣ್ಣ ರಬ್ಬರ್ ದಿಂಡು ಇರುತ್ತದೆ ನೋಡಿ. ಅದಿರುವ ಜಾಗ ತೋರಿಸಲು ಅಂಚಿನಲ್ಲಿ ಪುಟ್ಟ ತ್ರಿಕೋನವೋ ಮೂರು ಇಂಗ್ಲಿಷ್ ಅಕ್ಷರವೋ ಇರುತ್ತದೆ. ಟೈರಿನ ಮೈ ಸವೆದು ಆ ದಿಂಡಿನ ಸಮಕ್ಕೆ ಬಂತೆಂದರೆ ಮುಗಿಯಿತು.

ಸೈಜಿನ ಪಕ್ಕದ ಅಂಕಿಯಲ್ಲಿ ದೊಡ್ಡ ಮೋಸ ಅಡಗಿದೆ. ಕೆಲವು ನೂರು ಸಿಸಿ ಬೈಕುಗಳಲ್ಲಿ ಮುಂದಿನ ಟೈರು 80/100-18 47ಪಿ, ಹಿಂದಿನದು 80/100-18 54ಪಿ. ಸೈಜು ಒಂದೇ, ಹೊರುವ ಭಾರ ಬೇರೆ. 47 ಅಂದರೆ 175 ಕೆಜಿ, 54 ಅಂದರೆ 212 ಕೆಜಿ. ಮೇಲೆ ಲೆಕ್ಕ ಹಾಕಿದ 195 ಕೆಜಿ ನೆನಪಿದೆಯಲ್ಲ? ‘ಸೈಜು ಸೇಮ್’ ಅಂತ 47ರ ಟೈರನ್ನು ಹಿಂದಕ್ಕೆ ಹಾಕಿಸಿಕೊಂಡು ಎರಡು ಕ್ಯಾನು ಹಾಲು ಹೇರಿದರೆ ಮೊದಲ ದಿನದಿಂದಲೇ ಹೆಚ್ಚು ಭಾರ.

ಇದೆಲ್ಲ ಇಂಗ್ಲಿಷಿನಲ್ಲಿ, ಕಪ್ಪಿನ ಮೇಲೆ ಕಪ್ಪಾಗಿ, ಸಣ್ಣಕ್ಕೆ ಬರೆದಿರುತ್ತದೆ. ಮೈಸೂರಿನಲ್ಲಿ ವಿಕ್ರಾಂತ್ ಟೈರ್ ಮಾಡಿದರು, ಫಾಲ್ಕನ್ ಕಾರ್ಖಾನೆಯಲ್ಲಿ ದ್ವಿಚಕ್ರ ವಾಹನದ ಟೈರೇ ಮಾಡುತ್ತಿದ್ದರು. ಕನ್ನಡಿಗರ ಕೈ ಲಕ್ಷಾಂತರ ಟೈರ್ ಮಾಡಿತು. ಆದರೂ ಟೈರಿನ ಜೊತೆ ‘ತಾರೀಖು ಹೀಗೆ ಓದಿ’ ಅನ್ನುವ ಕನ್ನಡದ ಒಂದು ಚೀಟಿ ಕೊಡುವ ಪದ್ಧತಿ ಬೆಳೆಯಲಿಲ್ಲ. ವಿರಾಟ್ ಕೊಹ್ಲಿಯ ಬ್ಯಾಟಿನ ಮೇಲೆ ಟೈರ್ ಕಂಪನಿಯ ಹೆಸರಿದೆ. 2025ರ ಸೆಪ್ಟೆಂಬರಿನಿಂದ ಭಾರತ ತಂಡದ ಜೆರ್ಸಿ ಮೇಲೂ ಟೈರ್ ಕಂಪನಿಯ ಹೆಸರೇ. ಬ್ಯಾಟಿಗೆ ಅಂಟಿಸಲು ದುಡ್ಡಿದೆ, ಚೀಟಿ ಅಚ್ಚು ಹಾಕಿಸಲು ಇಲ್ಲವೇ?

ಗೆರೆ ಕೊರೆಯುವುದು ರಿಪೇರಿಯಲ್ಲ

ಸವೆದ ಬೈಕ್ ಟೈರಿಗೆ ಮತ್ತೆ ಗೆರೆ ಕೊರೆಯುವುದನ್ನು ಕೆಲವರು ಜಾಣತನ ಅಂತ ಹೊಗಳುತ್ತಾರೆ. ಲಾರಿ ಟೈರುಗಳಲ್ಲಿ ಕೆಲವಕ್ಕೆ ಮತ್ತೆ ಕೊರೆಯಲೆಂದೇ ಗೆರೆಯ ಕೆಳಗೆ ಹೆಚ್ಚುವರಿ ರಬ್ಬರ್ ಇಟ್ಟಿರುತ್ತಾರೆ, ಹಾಗಂತ ಟೈರಿನ ಮೇಲೆ ಬರೆದೂ ಇರುತ್ತಾರೆ. ನಮ್ಮ ಬೈಕ್ ಟೈರಿನಲ್ಲಿ ಅಂಥ ಗಂಟಿಲ್ಲ. ಗೆರೆಯ ಕೆಳಗೆ ತೆಳು ರಬ್ಬರ್, ಅದರ ಕೆಳಗೆ ನೈಲಾನ್ ದಾರ. ಬ್ಲೇಡ್ ಇಳಿಸಿದರೆ ದಾರಕ್ಕೇ ತಾಗುತ್ತದೆ. ದಾರಕ್ಕೆ ನೀರು ಸೇರಿ, ಬಿಸಿಯಾಗಿ, ಒಂದು ದಿನ ಗುಬುಟು ಎದ್ದು ಒಡೆಯುತ್ತದೆ. ಸವೆದ ಟೈರು ಜಾರುತ್ತದೆ, ಕೊರೆದ ಟೈರು ಜಾರುವುದರ ಜೊತೆಗೆ ಒಡೆಯುತ್ತದೆ. ಅಂದರೆ ಮೊದಲಿದ್ದ ಅಪಾಯಕ್ಕೆ ಇನ್ನೊಂದನ್ನು ಸೇರಿಸಿ, ಮೇಲೆ ಪಾಲಿಶ್ ಬಳಿದು ಮಾರಿದಂತಾಯಿತು.

ಗುರುತಿಸುವುದು ಕಷ್ಟವಲ್ಲ. ಗೆರೆಯ ಅಂಚು ಚಾಕುವಿನಲ್ಲಿ ಕತ್ತರಿಸಿದಂತೆ ಚೂಪಾಗಿರುತ್ತದೆ. ಒಂದು ಗೆರೆ ಆಳ, ಇನ್ನೊಂದು ಮೇಲು ಮೇಲೆ. ಅಡ್ಡ ದಿಂಡು ತುಂಡಾಗಿರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಬೆರಳಿಂದ ಉಜ್ಜಿದರೆ ಕಪ್ಪು ಅಂಟುತ್ತದೆ. ಗೆರೆಯನ್ನು ಅಗಲಿಸಿ ನೋಡಿದರೆ ತಳದಲ್ಲಿ ದಾರದ ನೆರಳು ಕಂಡೀತು.

ಇಲ್ಲಿ ಒಬ್ಬರು ಎದ್ದು ಕೇಳುತ್ತಾರೆ: ‘ಬಸ್ಸಿಗೇ ರೀಟ್ರೆಡ್ ಟೈರ್ ಹಾಕ್ತಾರಲ್ಲ, ಬೈಕಿಗೆ ಯಾಕಾಗಲ್ಲ?’ ರೀಟ್ರೆಡ್ ಅಂದರೆ ಟೈರಿನ ಮೈ ಪರೀಕ್ಷೆ ಮಾಡಿ, ಹೊಸ ರಬ್ಬರ್ ಕೂರಿಸಿ ಬೇಯಿಸುವುದು. ಕೊರೆಯುವುದು ಅಂದರೆ ಇದ್ದ ರಬ್ಬರನ್ನೂ ತೆಗೆಯುವುದು. ಎರಡಕ್ಕೂ ಅಜಗಜಾಂತರ. ಬಸ್ಸಿಗೆ ಹಿಂದೆ ಜೋಡಿ ಜೋಡಿ ಚಕ್ರ, ಒಂದು ಹೋದರೆ ಇನ್ನೊಂದು ಹಿಡಿದೀತು. ಬೈಕಿಗಿರುವುದೇ ಎರಡು. ಮೇಲಾಗಿ ಬೈಕು ತಿರುವಿನಲ್ಲಿ ವಾಲುತ್ತದೆ, ಬಸ್ಸು ವಾಲುವುದಿಲ್ಲ.

ಇನ್ನೊಬ್ಬರು: ‘ರೇಸ್ ಬೈಕಿನ ಟೈರಿಗೆ ಗೆರೆಯೇ ಇರಲ್ಲ!’ ನಿಜ. ಆ ರಬ್ಬರ್ ಮೇಣದಷ್ಟು ಮೆತ್ತಗೆ, ಒಣಗಿದ ಟ್ರ್ಯಾಕಿಗೆ ಮಾತ್ರ, ಮಳೆ ಬಂದರೆ ಅವರೂ ಗೆರೆಯ ಟೈರಿಗೆ ಬದಲಾಯಿಸುತ್ತಾರೆ. ಗೆರೆ ಇರುವುದೇ ನೀರು ಹೊರಗೆ ತಳ್ಳಲು. ಒಣ ರಸ್ತೆಯಲ್ಲಿ ಬೋಳು ಟೈರು ನಿಮ್ಮನ್ನು ನಂಬಿಸುತ್ತದೆ, ಮೊದಲ ಮಳೆಗೆ ಕೈ ಕೊಡುತ್ತದೆ.

ಬಡವನಿಗೆ ಅಗ್ಗದ್ದು ಬೇಡವೇ?

ಇದು ಗಟ್ಟಿಯಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ದಿನಗೂಲಿಯವನು ಒಂದೇ ಸಲಕ್ಕೆ ಎರಡು ಸಾವಿರ ಎಲ್ಲಿಂದ ತರಬೇಕು?

ಹೊಸ ಟೈರು ಎರಡು ಸಾವಿರ, ಹಳೇದು ಆರುನೂರು ಅಂತ ಇಟ್ಟುಕೊಳ್ಳಿ. ಹೊಸದು 20 ಸಾವಿರ ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 10 ಪೈಸೆ. ಹಳೇದು 5 ಸಾವಿರ ಕಿಲೋಮೀಟರ್ ಬಂದರೆ 12 ಪೈಸೆ. ನಡುವೆ ಎರಡು ಮೂರು ಪಂಚರು, ಒಂದು ಟ್ಯೂಬು, ಒಂದೆರಡು ದಿನದ ಕೂಲಿ. ಬಡವನಿಗೆ ಹಳೇ ಟೈರು ಅಗ್ಗವಲ್ಲ, ದುಬಾರಿ. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದವನಿಂದಲೇ ಹೆಚ್ಚು ಕಿತ್ತುಕೊಳ್ಳುವ ಹಳೇ ಆಟವಿದು. ಸ್ತ್ರೀಶಕ್ತಿ ಸಂಘದಲ್ಲಿ, ಹಾಲಿನ ಡೇರಿಯಲ್ಲಿ ಫೋನಿಗೆ, ಮಿಕ್ಸಿಗೆ ಕಂತು ಕಟ್ಟುತ್ತೇವೆ. ದಿನಾ ಬೆಳಗ್ಗೆ ನಮ್ಮ ಹಾಲು ಹೊತ್ತು ತರುವ ಚಕ್ರಕ್ಕೆ ಕಂತು ಯಾಕಾಗಬಾರದು? ಡೇರಿ ಆಡಳಿತ ಮಂಡಳಿಯ ಮುಂದೆ ಇಡಬೇಕಾದ ಪ್ರಶ್ನೆ ಇದು.

ಸರ್ಕಾರವೂ ಬಹಳ ಕಾಲ ಟೈರನ್ನು ಐಷಾರಾಮಿ ಸಾಮಾನಿನಂತೆ ಕಂಡಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಹೊಸ ಟೈರಿಗೆ ನೂರಕ್ಕೆ 28 ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಇಳಿದದ್ದು ನಿಮ್ಮ ಅಂಗಡಿಯ ಬೆಲೆಯಲ್ಲಿ ಕಾಣಬೇಕಲ್ಲ? ಕಾಣಬೇಕಾದರೆ ಬಿಲ್ ಬೇಕು. ‘ಬಿಲ್ ಬೇಕಂದ್ರೆ ರೇಟು ಬೇರೆ’ ಅನ್ನುವವರಿಗೆ ನೆನಪಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ, ಹಳೇದನ್ನು ಹೊಸದು ಅಂತ ಮಾರುವುದೂ ಅನುಚಿತ ವ್ಯಾಪಾರ.

ಕೂರಿಸುವ ಕೈಗೆ ಬೆಲೆ ಕೊಡಿ

ಟೈರು ಎಷ್ಟೇ ಒಳ್ಳೇದಾದರೂ ಕೂರಿಸುವುದು ತಪ್ಪಾದರೆ ದಂಡ. ಒಳ್ಳೇ ಕೆಲಸಗಾರ ಹಳೇ ಟೈರು ಬಿಚ್ಚಿದ ಮೇಲೆ ರಿಮ್ಮಿನ ತುಕ್ಕು ಉಜ್ಜುತ್ತಾನೆ. ಸ್ಪೋಕ್ಸ್ ತಲೆಗಳ ಮೇಲಿನ ರಬ್ಬರ್ ಪಟ್ಟಿ ಹರಿದಿದೆಯಾ ನೋಡುತ್ತಾನೆ. ಹರಿದಿದ್ದರೆ ಹೊಸ ಟ್ಯೂಬನ್ನು ಸ್ಪೋಕ್ಸೇ ಚುಚ್ಚುತ್ತದೆ. ಹೊಸ ಟೈರಿನೊಳಗೆ ಹಿಗ್ಗಿದ ಹಳೇ ಟ್ಯೂಬು ತುರುಕುವುದಿಲ್ಲ, ಅದು ಮಡಚಿಕೊಂಡು ಮಡಿಕೆಯಲ್ಲೇ ಹರಿಯುತ್ತದೆ. ಟ್ಯೂಬಿಗೆ ಸ್ವಲ್ಪ ಗಾಳಿ ಬಿಟ್ಟು ಆಕಾರಕ್ಕೆ ತಂದು ಕೂರಿಸುತ್ತಾನೆ. ಅಂಚಿಗೆ ಸೋಪಿನ ನೀರು ಸವರುತ್ತಾನೆ, ಗ್ರೀಸೋ ಎಂಜಿನ್ ಆಯಿಲೋ ಅಲ್ಲ, ಎಣ್ಣೆ ರಬ್ಬರನ್ನು ತಿನ್ನುತ್ತದೆ. ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿದೆಯಾ ನೋಡುತ್ತಾನೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿನ ಪಕ್ಕದ ಗೆರೆ ಸುತ್ತಲೂ ಸಮ ಇದೆಯಾ ನೋಡುತ್ತಾನೆ. ಒಂದು ಕಡೆ ಒಳಗೆ ಹೋಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸುತ್ತಾನೆ.

ಹಿಂದಿನ ಚಕ್ರ ಹಾಕುವಾಗ ಇನ್ನೊಂದು ಮುಖ್ಯ ಕೆಲಸವಿದೆ. ಡ್ರಮ್ ಬ್ರೇಕಿನ ಪ್ಲೇಟ್ ತಿರುಗದಂತೆ ಹಿಡಿದಿರುವ ಕಬ್ಬಿಣದ ಪಟ್ಟಿಯ ನಟ್ಟು ಬಿಗಿದು ಅದಕ್ಕೆ ಪಿನ್ ಹಾಕಬೇಕು. ಅದನ್ನು ಮರೆತರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದ ಜೊತೆ ತಿರುಗಿ, ಚಕ್ರ ಒಮ್ಮೆಲೇ ಕಚ್ಚಿ ನಿಲ್ಲುತ್ತದೆ. ಆಮೇಲೆ ಅದೇ ಸಾಲು: ‘ನಿಯಂತ್ರಣ ತಪ್ಪಿ.’

ಇಷ್ಟು ಕೆಲಸ ಮಾಡುವವನಿಗೆ ನಾವು ಕೊಡುವುದೇನು? ಬಿಸಿಲಲ್ಲಿ ಕೂತು ಚಕ್ರ ಬಿಚ್ಚಿ ಕೂರಿಸಿದವನ ಹತ್ತಿರ ಇಪ್ಪತ್ತು ರೂಪಾಯಿಗೆ ಚೌಕಾಸಿ. ‘ಬೇಗ ಮಾಡಪ್ಪ’ ಅಂತ ಅವಸರ. ಇದೂ ಸಾಲದು ಅಂತ ಅವನ ಕಸುಬನ್ನೇ ಬೈಗುಳ ಮಾಡಿಕೊಂಡಿದ್ದೇವೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಟೌನ್‌ಹಾಲ್ ಬಳಿ ಪೌರತ್ವ ಕಾಯ್ದೆ ಪರ ಸಭೆಯಲ್ಲಿ ಬೆಂಗಳೂರು ದಕ್ಷಿಣದ ಸಂಸದರು, ಕಾಯ್ದೆ ವಿರೋಧಿಸುವವರನ್ನು ಅನಕ್ಷರಸ್ಥರು, ಪಂಚರ್ ಹಾಕುವವರು ಅಂತ ಹೀಗಳೆದರು. ಅವತ್ತಿನಿಂದ ಇವತ್ತಿನವರೆಗೆ ವಾಟ್ಸಾಪಿನಲ್ಲಿ ಒಂದು ಸಮುದಾಯವನ್ನು ಬೈಯಲು ಆ ಪದ ಓಡಾಡುತ್ತಲೇ ಇದೆ. ಪುಲಿಕೇಶಿನಗರ, ಶಿವಾಜಿನಗರ, ಟ್ಯಾನರಿ ರಸ್ತೆಯ ಅಂಗಡಿಗಳಲ್ಲಿ ಆ ಸಮುದಾಯದ ಹುಡುಗರೂ, ತಮಿಳು ಮಾತಾಡುವವರೂ, ನಮ್ಮ ಹಳ್ಳಿಗಳಿಂದ ಹೋದವರೂ ಒಂದೇ ಕಂಪ್ರೆಸರ್ ಪಕ್ಕ ಕೂತು ದುಡಿಯುತ್ತಾರೆ. ಮಕ್ಕಳನ್ನು ಮುಂದೆ ಕೂರಿಸಿಕೊಂಡು ಗಾಡಿ ಓಡಿಸುವವರೇ, ಆ ಪ್ರಯಾಣ ನಿಂತಿರುವುದು ಒಬ್ಬ ‘ಪಂಚರ್ ಹಾಕುವವನು’ ಬಿಗಿದ ನಟ್ಟಿನ ಮೇಲೆ. ಯಾವ ಬಾಯಿಂದ ಬೈಯುತ್ತೀರಿ?

ಹಾಗಂತ ಮೋಸ ಇಲ್ಲವೇ? ಇದೆ. ಹೊರವರ್ತುಲ ರಸ್ತೆಯಲ್ಲಿ ಹತ್ತು ವರ್ಷದ ಹಿಂದೆ ಒಬ್ಬ ಎಂಜಿನಿಯರ್ ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಹೆಕ್ಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಮೊಳೆ ಚೆಲ್ಲುವವನನ್ನು ಹಿಡಿಯಿರಿ, ಒಳಗೆ ಹಾಕಿ. ಒಂದು ತೂತಿಗೆ ನಾಲ್ಕು ತೋರಿಸಿ ದುಡ್ಡು ಕೀಳುವವನನ್ನೂ ಬಿಡಬೇಡಿ. ಟ್ಯೂಬ್‌ಲೆಸ್ ಆದರೆ ತೂತನ್ನು ಸೋಪು ನೀರು ಹಾಕಿ ನಿಮ್ಮ ಕಣ್ಣ ಮುಂದೆ ತೋರಿಸಲು ಹೇಳಿ. ಆದರೆ ಕಳ್ಳನೊಬ್ಬನ ಹೆಸರಿನಲ್ಲಿ ಕಸುಬಿಗೇ ಮಸಿ ಬಳಿಯುವುದು ನ್ಯಾಯವಲ್ಲ. ಮೋಸದ ದೊಡ್ಡ ಪಾಲು ಕಂಪ್ರೆಸರ್ ಹತ್ತಿರ ಇಲ್ಲ, ಮೇಲೆ ಇದೆ.

ಮೇಲಿನವರ ಲೆಕ್ಕ

ಮೊದಲು ಆರ್‌ಟಿಒ. ಆಟೋ, ಲಾರಿ, ಬಸ್ಸಿಗೆ ಎಫ್‌ಸಿ ಇದೆ, ಟೈರ್ ನೋಡುತ್ತಾರೆ ಅಂತಾದರೂ ಹೇಳಬಹುದು. ಸ್ವಂತ ಬೈಕಿನ ನೋಂದಣಿ 15 ವರ್ಷಕ್ಕೆ. ಆ 15 ವರ್ಷದಲ್ಲಿ ಟೈರನ್ನು ನೋಡಲೇಬೇಕಾದ ಅಧಿಕಾರಿ ಯಾರೂ ಇಲ್ಲ. ರಸ್ತೆಯಲ್ಲಿ ಪೊಲೀಸರು ಹೆಲ್ಮೆಟ್, ಲೈಸೆನ್ಸ್, ಇನ್ಶೂರೆನ್ಸ್, ಎಮಿಷನ್ ಕೇಳುತ್ತಾರೆ. 0.8 ಮಿಲಿಮೀಟರ್ ನಿಯಮ ಪುಸ್ತಕದಲ್ಲೇ ಇದೆ. ದಂಡ ಹಾಕಿ ಅಂತ ನಾನು ಕೇಳುವುದಿಲ್ಲ, ಬಡವನ ಜೇಬಿಗೆ ಇನ್ನೊಂದು ಕೈ ಬೇಡ. ಎಮಿಷನ್ ಕೇಂದ್ರದಲ್ಲಿ ಹೊಗೆ ನೋಡುವಾಗ ಗೆರೆಯನ್ನೂ ನೋಡಿ ಚೀಟಿಯಲ್ಲಿ ಬರೆದುಕೊಡಲಿ. ಖರ್ಚಿಲ್ಲದ ಕೆಲಸ.

ಎರಡನೆಯದು ಕಂಪನಿಗಳು. 2022ರಿಂದ ಕೇಂದ್ರ ಪರಿಸರ ಇಲಾಖೆಯ ನಿಯಮದ ಪ್ರಕಾರ ಟೈರ್ ಮಾಡುವವರು ತ್ಯಾಜ್ಯ ಟೈರಿನ ಮರುಬಳಕೆಗೂ ಹೊಣೆಗಾರರು. ಕಾಗದದ ಮೇಲೆ ಲೆಕ್ಕ ಸರಿಯಿರಬಹುದು. ಅಂಗಡಿಯಲ್ಲಿ ಬಿಚ್ಚಿದ ಟೈರು ಗುಜರಿಗೆ ಹೋಗಿ, ಪಾಲಿಶ್ ಬಳಿಸಿಕೊಂಡು, ಮತ್ತೆ ಯಾರದೋ ರಿಮ್ಮಿಗೆ ಏರಿದರೆ ಆ ಹೊಣೆ ಎಲ್ಲಿ ಉಳಿಯಿತು? ಸವೆದ ಟೈರು ವಾಪಸ್ ಕೊಟ್ಟರೆ ಹೊಸದರಲ್ಲಿ ನೂರಿನ್ನೂರು ಕಡಿತ ಕೊಡಲಿ, ವಾಪಸ್ ಬಂದದ್ದನ್ನು ಅಲ್ಲೇ ಕತ್ತರಿಸಲಿ.

ಈ ಕಂಪನಿಗಳಿಗೆ ದುಡ್ಡಿಲ್ಲ ಅಂತ ಯಾರೂ ಕಣ್ಣೀರು ಹಾಕಬೇಡಿ. ಲಾರಿ ಬಸ್ಸಿನ ಟೈರ್ ಬೆಲೆಯಲ್ಲಿ ಒಳಒಪ್ಪಂದ ಮಾಡಿಕೊಂಡರು ಅಂತ ಸ್ಪರ್ಧಾ ಆಯೋಗ ಐದು ಕಂಪನಿಗಳಿಗೆ 1,788 ಕೋಟಿ ರೂಪಾಯಿ ದಂಡ ಹಾಕಿದ ಆದೇಶ 2022ರ ಫೆಬ್ರುವರಿಯಲ್ಲಿ ಹೊರಬಂತು. ಕಂಪನಿಗಳು ಮೇಲ್ಮನವಿ ಹೋದವು, ಅದೇ ವರ್ಷ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮತ್ತೆ ಪರಿಶೀಲಿಸಿ ಅಂತ ಆಯೋಗಕ್ಕೇ ವಾಪಸ್ ಕಳಿಸಿತು. ತಪ್ಪೋ ಒಪ್ಪೋ ಅಲ್ಲಿ ತೀರ್ಮಾನವಾಗಲಿ. ನನ್ನ ಮಾತು ಇಷ್ಟೇ, ಸಾವಿರ ಕೋಟಿಯ ವಕೀಲಿಕೆ ನಡೆಸುವವರಿಗೆ ಒಂದು ಹ್ಯಾಕ್ಸಾ ಬ್ಲೇಡ್ ದುಬಾರಿಯಲ್ಲ.

ಮೂರನೆಯದು ಆ್ಯಪ್ ಕಂಪನಿಗಳು. ಮಸೀದಿ ರಸ್ತೆಯ ಹುಡುಗ ದಿನವಿಡೀ ಓಡಿಸಿ ಸವೆಸುವ ಟೈರು ಅವನದೇ ಖರ್ಚು. ಹತ್ತು ನಿಮಿಷ ತಡವಾದರೆ ರೇಟಿಂಗ್ ಹೋಗುತ್ತದೆ, ಟೈರು ಹೋದರೆ ಕೇಳುವವರಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂದಿದೆ, ಕಂಪನಿಗಳಿಂದ ಕಲ್ಯಾಣ ನಿಧಿಗೆ ಶುಲ್ಕ ಪಡೆಯುವ ದಾರಿಯಾಗಿದೆ. ಆ ನಿಧಿಯಿಂದ ವರ್ಷಕ್ಕೊಂದು ಜೊತೆ ಟೈರು ಕೊಡಿ ಅಂತ ನಮ್ಮ ಹುಡುಗರು ಕೇಳಲಿ. ಸತ್ತ ಮೇಲೆ ಪರಿಹಾರ ಕೊಡುವುದಕ್ಕಿಂತ ಇದು ಅಗ್ಗ.

ಕೊನೆಯದು ನಮ್ಮ ಪತ್ರಿಕಾ ಕಸುಬು. ಅಪಘಾತದ ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸಿ ವರದಿ ಕೊಡುತ್ತಾರೆ. ಆ ವರದಿಯಲ್ಲಿ ಎರಡೂ ಟೈರಿನ ಗೆರೆಯ ಆಳ, ತಯಾರಾದ ವಾರ ಮತ್ತು ವರ್ಷ ಇರಲೇಬೇಕು ಅಂತ ಜಿಲ್ಲೆ ಜಿಲ್ಲೆಯ ವರದಿಗಾರರು ಕೇಳಬೇಕು. ಅದು ಸಿಗುವವರೆಗೆ ‘ನಿಯಂತ್ರಣ ತಪ್ಪಿ’ ಅನ್ನುವ ಪದ ಬರೆಯುವುದು ಬೇಡ. ‘ಬೈಕ್ ಜಾರಿ ಬಿದ್ದಿದೆ, ಕಾರಣ ತಿಳಿದಿಲ್ಲ’ ಅಂತ ಬರೆದರೆ ಸಾಕು. ಸತ್ತವನ ಮೇಲೆ ಸಾಕ್ಷಿಯಿಲ್ಲದ ಆರೋಪ ಹೊರಿಸುವುದು ತಪ್ಪುತ್ತದೆ.

ನಾಳೆ ಬೆಳಗ್ಗೆ ಮಾಡುವುದು

ಇಷ್ಟು ಓದಿದ ಮೇಲೆ ಫೋನ್ ಜೇಬಿಗಿಡುವ ಮೊದಲು ಅದರ ಟಾರ್ಚ್ ಹಾಕಿ. ಬೈಕಿನ ಎರಡೂ ಟೈರಿನ ನಾಲ್ಕು ಅಂಕಿ ಹುಡುಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ, ವಾರಕ್ಕೊಮ್ಮೆ ಹಾಕಿಸಿ. ಎಷ್ಟು ಹಾಕಬೇಕೆಂದು ಗಾಡಿ ಮೇಲಿನ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಇದೆ.

ಹೊಸದು ಕೊಳ್ಳುವಾಗ ಐಎಸ್‌ಐ ಗುರುತು, ತಾರೀಖು, ಭಾರದ ಅಂಕಿ, ಬಿಲ್ಲು, ಈ ನಾಲ್ಕನ್ನು ಕೇಳಿ. ಜೊತೆಗೆ ಹೊಸ ಟ್ಯೂಬು. ಹಿಂದಿನ ಸವೆದ ಟೈರನ್ನು ಮುಂದಕ್ಕೆ ಹಾಕಿಸಬೇಡಿ, ಬ್ರೇಕ್ ಹಿಡಿದಾಗ ಭಾರವೆಲ್ಲ ಬೀಳುವುದು ಮುಂದಿನ ಚಕ್ರದ ಮೇಲೆ. ಹಳೇ ಗಾಡಿ ಕೊಳ್ಳುವಾಗ ಎಂಜಿನ್ ಸದ್ದು ಕೇಳುವ ಮೊದಲು ಟೈರಿನ ಪಾಲಿಶ್ ಒರೆಸಿ ನೋಡಿ. ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಮತ್ತು ಬಿಚ್ಚಿದ ಹಳೇ ಟೈರನ್ನು ಹಾಗೇ ಬಿಟ್ಟು ಬರಬೇಡಿ. ಅಂಚಿಗೆ ಅಲ್ಲೇ ಹ್ಯಾಕ್ಸಾ ಬ್ಲೇಡ್ ಹಾಕಿಸಿ, ತಂತಿ ತುಂಡಾಗುವವರೆಗೆ. ‘ಐವತ್ತು ರೂಪಾಯಿ ಕೊಡ್ತೀನಿ, ಕತ್ತರಿಸಬೇಡಿ’ ಅಂತ ಅಂಗಡಿಯವರು ಹೇಳಿಯಾರು. ಆ ಐವತ್ತು ರೂಪಾಯಿ ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ನಿಮ್ಮ ಸವೆದ ಟೈರನ್ನು ಇನ್ಯಾರೋ ಹಾಲಿನ ಕ್ಯಾನು ಹೊರುವವನಿಗೆ ‘ಇಷ್ಟು ಸಾಕು’ ಅಂತ ಮಾರುವುದರಿಂದ ಬರುತ್ತದೆ. ಕತ್ತರಿಸಿ ಬನ್ನಿ.